ಬಂದೂಕು ಮಿಸ್ತ್ರಿ ಎಲ್ಲಿ ಸಿಗ್ತಾರೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಲೈಸೆನ್ಸ್ ಇರುವವರಿಗೆ ಮಾತ್ರ. ತೊಗರಿ ಹೊಲ ಕಾಯಲು ಅಜ್ಜನ ಕಾಲದ ಜೋಡು ನಳಿಗೆ ಬಂದೂಕು ಇಟ್ಟುಕೊಂಡವರು, ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಕೆಲಸ ಮಾಡುವ ಮಾಜಿ ಸೈನಿಕರು, .315 ರೈಫಲ್ ಇರುವ ಮನೆತನದವರು, ಮಗಳಿಗೆ ಏರ್ ರೈಫಲ್ ಕೊಡಿಸಿದ ಅಪ್ಪಂದಿರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇದನ್ನೇ: ನಂಬಿಕೆಯಿಂದ ಬಂದೂಕು ಯಾರ ಕೈಗೆ ಕೊಡೋದು? ಲೈಸೆನ್ಸ್ ಇಲ್ಲದ ಬಂದೂಕಿನ ಬಗ್ಗೆ ಕೇಳುವವರಿಗೆ ಇಲ್ಲಿ ಉತ್ತರ ಇಲ್ಲ, ಪೊಲೀಸ್ ಠಾಣೆಯಲ್ಲಿದೆ.

ನಮ್ಮ ಕಡೆ ಚಲೋ ಮಿಸ್ತ್ರಿ ಇದ್ದಾರಾ? ಹುಡುಕೋದು ಎಲ್ಲಿಂದ?

ಕಡಿಮೆ ಇದ್ದಾರೆ. ಬಜಾರಿನಲ್ಲಿ ಬೋರ್ಡ್ ನೋಡುತ್ತಾ ಅಡ್ಡಾಡಿದರೆ ಸಿಗುವ ಕಸುಬು ಇದಲ್ಲ. ಮೊದಲು ನಿಮಗೆ ಲೈಸೆನ್ಸ್ ಕೊಟ್ಟ ಕಚೇರಿಗೆ ಹೋಗಿ. ಬೀದರ್, ಯಾದಗಿರಿಯವರಿಗೆ ಡಿಸಿ ಕಚೇರಿ. ಕಲಬುರಗಿ ನಗರದ ಒಳಗಿನವರಿಗೆ ಪೊಲೀಸ್ ಕಮಿಷನರ್ ಕಚೇರಿ, ತಾಲ್ಲೂಕು ಹಳ್ಳಿಯವರಿಗೆ ಡಿಸಿ ಕಚೇರಿ. ಬಂದೂಕು ಲೈಸೆನ್ಸ್ ನೋಡುವ ಟೇಬಲ್ಲಿಗೆ ಹೋಗಿ, "ರಿಪೇರಿಗೆ ಲೈಸೆನ್ಸ್ ಇರುವ ಅಂಗಡಿ ಯಾವುದು?" ಅಂತ ಕೇಳಿ. "ಬಂದೂಕಿನ ಅಂಗಡಿ ಯಾವುದು?" ಅಂತ ಕೇಳಬೇಡಿ. ಮಾರುವ ಲೈಸೆನ್ಸ್ ಇದ್ದ ಮಾತ್ರಕ್ಕೆ ರಿಪೇರಿ ಮಾಡಬಹುದು ಎಂದೇನಿಲ್ಲ. ಕಾಡತೂಸು ಮಾರುವ ಎಷ್ಟೋ ಅಂಗಡಿಗಳಲ್ಲಿ ಸ್ಕ್ರೂಡ್ರೈವರ್ ಹಿಡಿಯುವವನೇ ಇರೋದಿಲ್ಲ.

ಇನ್ನೊಂದು ದಾರಿ ಬ್ಯಾಂಕ್ ಮತ್ತು ಎಟಿಎಂ ಹಣದ ಗಾಡಿಯ ಗಾರ್ಡ್‌ಗಳು. ಅವರ ಬಂದೂಕು ದಿನಾ ಹೆಗಲ ಮೇಲಿರುತ್ತೆ, ಮಳೆ ಬಿಸಿಲು ಕಾಣುತ್ತೆ, ಸವೆಯುತ್ತೆ. ಯಾವ ಮಿಸ್ತ್ರಿ ಮಾಡಿದ ಕೆಲಸ ಎಷ್ಟು ದಿನ ಬಾಳಿತು ಅಂತ ಅವರಿಗೆ ಗೊತ್ತು. ವರ್ಷಕ್ಕೊಮ್ಮೆ ದಸರಾಕ್ಕೆ ಪೆಟ್ಟಿಗೆ ತೆಗೆಯುವ ಗೌಡರ ಶಿಫಾರಸಿಗಿಂತ ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡ್ತೀನಿ.

ನಮ್ಮೂರ ಲೇತ್ ಅಂಗಡಿಯವನು "ತರ್ರೀ, ಅರ್ಧ ತಾಸಿನ ಕೆಲಸ" ಅಂತಾನೆ. ಕೊಡಬಹುದಾ?

ಕೊಡಬಾರದು. ಅವನ ಕೈ ಎಷ್ಟೇ ಚಲೋ ಇರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕು ತಯಾರಿಸಲು, ಮಾರಲು ಹೇಗೋ ಹಾಗೇ ರಿಪೇರಿ ಮಾಡಲಿಕ್ಕೂ ಲೈಸೆನ್ಸ್ ಬೇಕು ಅನ್ನುತ್ತೆ. 2019ರ ತಿದ್ದುಪಡಿ ಆದಮೇಲೆ ಈ ಕಲಮು ಮುರಿದರೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಒಂದು ಸ್ಪ್ರಿಂಗ್ ಕೂರಿಸಿದ್ದಕ್ಕೆ ಆ ಹುಡುಗ ಜೈಲು ನೋಡಬೇಕಾ? ನಿಮ್ಮ ಲೈಸೆನ್ಸೂ ಅವನ ಜೊತೆ ಹೋಗುತ್ತೆ.

ಕಾನೂನು ಪಕ್ಕಕ್ಕಿಟ್ಟರೂ ಕಾರಣ ಇದೆ. ಲೇತ್‌ನವನಿಗೆ ಉಕ್ಕು ಗೊತ್ತು, ಆದರೆ ಬಂದೂಕಿನ ಒಳಗಿನ ಸಣ್ಣ ಭಾಗಗಳಿಗೆ ಮೇಲೆ ಮಾತ್ರ ಗಟ್ಟಿ ಪದರ ಕೊಟ್ಟಿರುತ್ತಾರೆ ಅಂತ ಗೊತ್ತಿರೋದಿಲ್ಲ. ಒಂದು ಸಲ ಗ್ರೈಂಡರ್ ಮುಟ್ಟಿಸಿದರೆ ಆ ಪದರ ಹೋಯಿತು. ಕೆಲವು ದಿನ ಎಲ್ಲಾ ಸರಿ ಕಾಣುತ್ತೆ. ಆಮೇಲೆ ಒಂದು ದಿನ ಟ್ರಿಗರ್ ಮುಟ್ಟದೇ ಗುಂಡು ಹಾರುತ್ತೆ.

ಮಿಲಿಟರಿಯಲ್ಲಿ ಆರ್ಮರರ್ ಆಗಿದ್ದ ಕಾಕಾ ಒಬ್ಬರಿದ್ದಾರೆ. ಅವರ ಕಡೆ ಮಾಡಿಸಿದರೆ?

ಇದು ಕಷ್ಟದ ಪ್ರಶ್ನೆ, ಯಾಕಂದ್ರೆ ನಮ್ಮ ಭಾಗದಲ್ಲಿ ನಿಜವಾದ ಕೈಗುಣ ಇರೋದು ಇವರ ಬಳಿಯೇ. ಸೈನ್ಯದಲ್ಲಿ ಬಂದೂಕು ದುರಸ್ತಿ ಇಎಂಇ ದಳದ ಕೆಲಸ, ಅದರ ದೊಡ್ಡ ತರಬೇತಿ ಕೇಂದ್ರ ಇಲ್ಲೇ ಸಿಕಂದರಾಬಾದ್‌ನಲ್ಲಿದೆ. ಅಲ್ಲಿ ಕಲಿತವರು ಅಳತೆಯ ಗೇಜ್ ಇಲ್ಲದೆ ಬೋಲ್ಟ್, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ಭಾಗ, ಮುಟ್ಟೋದಿಲ್ಲ. ಆದರೆ ಪಿಂಚಣಿ ಪುಸ್ತಕ ರಿಪೇರಿ ಲೈಸೆನ್ಸ್ ಅಲ್ಲ. ಮನೆಯಲ್ಲಿ ಕೂತು ನಿಮ್ಮ ಬಂದೂಕು ಬಿಚ್ಚಿ ಕೆಲಸ ಮಾಡುವಂತಿಲ್ಲ, ಹಣ ತೆಗೆದುಕೊಳ್ಳದಿದ್ದರೂ ಅಷ್ಟೇ.

ಅವರನ್ನು ಬಳಸಿಕೊಳ್ಳುವ ಸರಿಯಾದ ರೀತಿ ಬೇರೆ ಇದೆ. ಅಂಗಡಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಮಿಸ್ತ್ರಿ ಏನು ಹೇಳ್ತಾನೆ, ಏನು ಮುಚ್ಚಿಡ್ತಾನೆ, ಕೆಲಸ ಆದಮೇಲೆ ಏನು ನೋಡಬೇಕು, ಇದೆಲ್ಲ ಅವರ ಕಣ್ಣಿಗೆ ಬೀಳುತ್ತೆ. ಒಂದು ಚಹಾದ ಖರ್ಚಿನಲ್ಲಿ ಆಗುವ ಕೆಲಸ.

ಇಲ್ಲಿ ಯಾರೂ ಸಿಗದಿದ್ದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಒಯ್ಯಬಹುದಲ್ವಾ?

ದೂರದ ಲೆಕ್ಕದಲ್ಲಿ ಅದೇ ಸರಿ. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿ.ಮೀ., ಬೀದರ್‌ನಿಂದ ಹೈದರಾಬಾದ್ ಸುಮಾರು 140. ಬೆಂಗಳೂರು ಎಲ್ಲಿ, ಇವೆಲ್ಲಿ! ಆದರೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ನಿಮ್ಮ ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶಕ್ಕೆ ಲಾಗೂ ಅಂತ ಬರೆದಿರುತ್ತೆ. "ಕರ್ನಾಟಕ" ಅಂತ ಮಾತ್ರ ಇದ್ದರೆ ಬಂದೂಕಿನ ಸಮೇತ ಗಡಿ ದಾಟಿದ ಕ್ಷಣ ನೀವು ಲೈಸೆನ್ಸ್ ಇಲ್ಲದವರ ಲೆಕ್ಕ. ಔರಾದ್, ಆಳಂದ, ಬಸವಕಲ್ಯಾಣದ ಕಡೆಯವರಿಗೆ ಗಡಿ ಅಂದರೆ ದಿನದ ಓಡಾಟದ ರಸ್ತೆ, ಅದಕ್ಕೇ ಇದು ತಲೆಗೇ ಬರೋದಿಲ್ಲ.

ಹೊರಡುವ ಮೊದಲು ಆ ಸಾಲು ಓದಿ. ಸಾಲದಿದ್ದರೆ ಲೈಸೆನ್ಸ್ ಕೊಟ್ಟ ಕಚೇರಿಗೆ ಅರ್ಜಿ ಹಾಕಿ, ಯಾವ ಊರು, ಯಾವ ಅಂಗಡಿ, ಏನು ಕೆಲಸ ಅಂತ ಬರೆದು ಲಿಖಿತ ಅನುಮತಿ ತಗೊಳ್ಳಿ. ಹಾಗೇ ಪುಸ್ತಕದಲ್ಲಿ ಯುಐಎನ್ ನಂಬರ್, ಅಂದರೆ ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ, ಇದೆಯಾ ನೋಡಿ. ಹಳೆಯ ಗುಲ್ಬರ್ಗಾ ಜಿಲ್ಲೆಯ ಹೆಸರಲ್ಲಿ ಕೊಟ್ಟ ಪುಸ್ತಕ ಇಟ್ಟುಕೊಂಡ ಶಹಾಪುರ, ಸುರಪುರದ ಹಿರಿಯರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಈಗ ಕಡತ ಯಾದಗಿರಿಯಲ್ಲಿರಬೇಕು, ನಂಬರ್ ಇಲ್ಲದ ಲೈಸೆನ್ಸ್ ಲೆಕ್ಕಕ್ಕೆ ಬರೋದಿಲ್ಲ.

ಒಯ್ಯುವಾಗ ಬಂದೂಕು ಖಾಲಿ ಇರಬೇಕು, ಚೀಲ ಅಥವಾ ಪೆಟ್ಟಿಗೆಯ ಒಳಗೆ ಇರಬೇಕು, ಕಾಡತೂಸು ಬೇರೆ ಇರಬೇಕು. ರಿಪೇರಿಗೆ ಹೋಗುವವರು ಕಾಡತೂಸು ಮನೆಯಲ್ಲೇ ಬೀಗ ಹಾಕಿಟ್ಟು ಬಂದರೆ ಇನ್ನೂ ಚಲೋ. ಸ್ವಂತ ಗಾಡಿ ಇದ್ದರೆ ಅದರಲ್ಲೇ ಹೋಗಿ. ಬಸ್ಸಿನಲ್ಲಿ ಮೇಲಿನ ಕ್ಯಾರಿಯರ್‌ಗೆ ಬಂದೂಕಿನ ಚೀಲ ಏರಿಸಿ ನಿದ್ದೆ ಹೊಡೆಯುವವರನ್ನು ನೋಡಿದ್ದೀನಿ, ಅದೇನು ಧೈರ್ಯವೋ!

ಲೈಸೆನ್ಸ್ ಅಪ್ಪನ ಹೆಸರಲ್ಲಿದೆ, ಅವರಿಗೆ ಓಡಾಡೋಕೆ ಆಗಲ್ಲ. ನಾನು ಒಯ್ದರೆ ತಪ್ಪಾ?

ಇದಕ್ಕೆ ಕಾಯ್ದೆಯಲ್ಲೇ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 3ನೇ ಕಲಮಿನ ಪ್ರಕಾರ ಲೈಸೆನ್ಸ್‌ದಾರರು ಜೊತೆಗಿದ್ದರೆ, ಇಲ್ಲವೇ ಬರವಣಿಗೆಯಲ್ಲಿ ಅಧಿಕಾರ ಕೊಟ್ಟಿದ್ದರೆ, ರಿಪೇರಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆ ಅಂತ ಬೇರೆಯವರು ಬಂದೂಕು ಒಯ್ಯಬಹುದು. ಹಾಗಾಗಿ ಒಂದು ಹಾಳೆಯಲ್ಲಿ ಅಪ್ಪನ ಹೆಸರು, ಲೈಸೆನ್ಸ್ ನಂಬರ್, ಬಂದೂಕಿನ ನಂಬರ್, ನಿಮ್ಮ ಹೆಸರು, ಯಾವ ಅಂಗಡಿ, ಯಾವ ತಾರೀಖು ಎಲ್ಲಾ ಬರೆಸಿ ಸಹಿ ಹಾಕಿಸಿ. ಮೂಲ ಲೈಸೆನ್ಸ್ ಜೊತೆಗಿಡಿ. ನೆಟ್ಟಗೆ ಅಂಗಡಿಗೆ ಹೋಗಿ, ನೆಟ್ಟಗೆ ವಾಪಸ್ ಬನ್ನಿ. ಆ ಹಾಳೆ ಇದೆ ಅಂತ ದಾರಿಯಲ್ಲಿ ಗೆಳೆಯನ ಹೊಲಕ್ಕೆ ಹೊಕ್ಕರೆ ಅದಕ್ಕೆ ಬೆಲೆ ಇಲ್ಲ.

ಅಪ್ಪ ತೀರಿಹೋಗಿದ್ದರೆ ಮಾತು ಬೇರೆ. ಆಗ ಬಂದೂಕನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಜಮಾ ಮಾಡಬೇಕು. ರಿಪೇರಿ, ಪಾಲಿಷ್ ಎಲ್ಲಾ ನಿಮ್ಮ ಹೆಸರಿಗೆ ಲೈಸೆನ್ಸ್ ಬಂದಮೇಲೆ. ಅಪ್ಪ ಇರುವಾಗಲೇ ವರ್ಗಾಯಿಸಿಕೊಳ್ಳಬೇಕೆಂದರೆ ಅವರಿಗೆ 70 ತುಂಬಿದ್ದರೆ ಅಥವಾ 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ ವಾರಸುದಾರರು ಅರ್ಜಿ ಹಾಕಲು 2016ರ ನಿಯಮದಲ್ಲಿ ಅವಕಾಶ ಇದೆ.

ಮಿಸ್ತ್ರಿಗೆ ನಿಜವಾಗಿ ಕೆಲಸ ಬರುತ್ತಾ ಅಂತ ಹೇಗೆ ಗೊತ್ತಾಗುತ್ತೆ?

ಮೊದಲ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಚೀಲದಿಂದ ತೆಗೆದ ತಕ್ಷಣ ಅವನು ಮಾಡಬೇಕಾದ್ದು ಬಂದೂಕು ಮಡಚಿ ತೆರೆದು ಅಥವಾ ಬೋಲ್ಟ್ ಎಳೆದು ಖಾಲಿ ಇದೆಯಾ ಅಂತ ತಾನೇ ನೋಡೋದು. "ಖಾಲಿ ಐತಿ" ಅಂತ ನೀವು ನೂರು ಸಲ ಹೇಳಿದರೂ ನೋಡಬೇಕು. ಆಮೇಲೆ ಲೈಸೆನ್ಸ್ ಕೇಳಬೇಕು, ಬಂದೂಕಿನ ಮೇಲಿನ ನಂಬರ್ ಪುಸ್ತಕದ ನಂಬರಿಗೆ ತಾಳೆ ಹಾಕಬೇಕು. ಇವೆರಡನ್ನು ಬಿಟ್ಟು ನೇರ ದರದ ಮಾತಿಗೆ ಬಂದವನಿಗೆ ನಮಸ್ಕಾರ ಹೇಳಿ ಬನ್ನಿ.

ಜೋಡು ನಳಿಗೆ ಆದರೆ ಬಲ್ಲವನು ನೋಡುವ ರೀತಿ ಹೀಗೆ. ನಳಿಗೆಯ ಕೆಳಗಿನ ಮರದ ತುಂಡು ಬಿಚ್ಚಿಡ್ತಾನೆ. ಅದು ಕೂತಿದ್ದರೆ ಸಡಿಲ ಮುಚ್ಚಿಹೋಗುತ್ತೆ. ಆಮೇಲೆ ಹಿಡಿಕೆ ಹಿಡಿದು ಕಿವಿಯ ಹತ್ತಿರ ತಂದು ಮೆಲ್ಲಗೆ ಅಲುಗಿಸ್ತಾನೆ. ಟಕ್ ಟಕ್ ಅಂದರೆ ಕೀಲು ಸವೆದಿದೆ. ನಂತರ ನಳಿಗೆಯ ಹಿಂಭಾಗಕ್ಕೂ ಬಂದೂಕಿನ ಮುಖಕ್ಕೂ ನಡುವೆ ಬೆಳಕು ತೂರುತ್ತಾ ಅಂತ ಕಿಟಕಿಗೆ ಹಿಡಿದು ನೋಡ್ತಾನೆ. ಕೊನೆಗೆ ನಳಿಗೆ ಬಿಚ್ಚಿ ಒಂದೊಂದನ್ನೇ ಬೆಳಕಿಗೆ ಹಿಡಿದು ನಿಧಾನ ತಿರುಗಿಸ್ತಾನೆ. ಒಳಗೆ ನೆರಳಿನ ಗೆರೆ ನೇರ ಹೋಗಬೇಕು. ಎಲ್ಲಾದರೂ ಕಪ್ಪು ಬಳೆಯ ಥರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ಹಿಂದೆ ಯಾವಾಗಲೋ ಒಳಗೆ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಹೊಡೆದದ್ದು. ಅದನ್ನು ನೋಡಿದ ಮೇಲೂ "ನಡೀತದ ಬಿಡ್ರಿ" ಅನ್ನುವವನು ಮಿಸ್ತ್ರಿ ಅಲ್ಲ.

ರೈಫಲ್ ಆದರೆ, ಹಿಂದೆ ಹೊಡೆದ ಕಾಡತೂಸಿನ ಖಾಲಿ ಕೇಸ್ ಇದೆಯಾ ಅಂತ ಕೇಳ್ತಾನೆ. ಕೇಸ್ ಸೀಳಿದೆಯಾ, ಅದರ ಹಿಂಭಾಗದ ಕಿಡಿ ಕೊಡುವ ಕ್ಯಾಪ್ ಹಿಂದಕ್ಕೆ ಉಬ್ಬಿದೆಯಾ ಅನ್ನೋದರಲ್ಲಿ ಬೋಲ್ಟ್ ಮತ್ತು ಚೇಂಬರಿನ (ಕಾಡತೂಸು ಕೂರುವ ಗೂಡಿನ) ಜಾತಕ ಇರುತ್ತೆ. ಅವನ ಮೇಜಿನ ಮೇಲಿನ ಸ್ಕ್ರೂಡ್ರೈವರ್‌ಗಳನ್ನೂ ನೋಡಿ. ಬಂದೂಕಿನ ಸ್ಕ್ರೂ ತಲೆಯ ಸೀಳು ತೆಳ್ಳಗಿರುತ್ತೆ, ಅದಕ್ಕೆ ಸರಿಯಾಗಿ ಕೂರುವ ಹಾಗೆ ತುದಿ ಮಟ್ಟಸವಾಗಿ ಉಜ್ಜಿದ ಸ್ಕ್ರೂಡ್ರೈವರ್ ಬೇಕು. ಸೈಕಲ್ ಅಂಗಡಿಯ ಸ್ಕ್ರೂಡ್ರೈವರ್ ಕಂಡರೆ ನಿಮ್ಮ ಬಂದೂಕಿನ ಸ್ಕ್ರೂ ತಲೆಗಳ ಗತಿ ಏನು ಅಂತ ಯೋಚಿಸಿ.

ನನ್ನ ಕೇಳಿದರೆ ಎಲ್ಲಕ್ಕಿಂತ ದೊಡ್ಡ ಗುರುತು ಇನ್ನೊಂದು: ಅವನು ಏನೇನು ಮಾಡಲ್ಲ ಅಂತ ಹೇಳ್ತಾನೆ ಅನ್ನೋದು. "ಎಲ್ಲಾ ಮಾಡ್ತೀವ್ರಿ" ಅನ್ನುವವನಿಗಿಂತ "ಇದು ನನ್ನ ಕಡೆ ಆಗಲ್ಲ, ಇದನ್ನ ಮಾಡಬಾರದು, ಇದನ್ನ ಮಾಡ್ತೀನಿ ಆದರೆ ಟೈಮ್ ಬೇಕು" ಅನ್ನುವವನನ್ನು ಹಿಡ್ಕೊಳ್ಳಿ.

ಕಸ್ಟಮ್ ಕೆಲಸ ಅಂದ್ರೆ ಏನೇನು ಮಾಡಿಸಬಹುದು?

ಸಿನಿಮಾ ನೋಡಿ ಬಂದವರು ಹೊಸ ನಳಿಗೆ, ಹೊಸ ಆಕಾರ ಅಂತೆಲ್ಲ ಕೇಳ್ತಾರೆ. ನಮ್ಮ ಕಡೆ ಕಾನೂನಿನ ಒಳಗೆ ಇದ್ದುಕೊಂಡು ನಿಜವಾಗಿ ಫರಕು ಕೊಡುವ ಕೆಲಸ ನಾಲ್ಕೈದು ಮಾತ್ರ. ಕುಂದಾ, ಅಂದರೆ ಹೆಗಲಿಗೆ ಒತ್ತುವ ಮರದ ಭಾಗ, ನಿಮ್ಮ ಮೈಕಟ್ಟಿಗೆ ಹೊಂದಿಸೋದು. ಹಿಂದೆ ರಬ್ಬರ್ ಪ್ಯಾಡ್ ಹಾಕಿಸೋದು. ಟ್ರಿಗರ್‌ನ ಒರಟುತನ ತೆಗೆಸೋದು. ನಳಿಗೆ ಮತ್ತು ಮರ ಸೇರುವ ಕಡೆ ಎಪಾಕ್ಸಿ ಹಾಕಿ ಅಲುಗದ ಹಾಗೆ ಕೂರಿಸೋದು. ಬಣ್ಣ ಹೋದ ಉಕ್ಕಿಗೆ ಮತ್ತೆ ನೀಲಿ ಏರಿಸೋದು.

ಇದರಲ್ಲಿ ಮೊದಲನೆಯದೇ ಮುಖ್ಯ. ಕಾರ್ಖಾನೆಯಿಂದ ಬಂದ ಕುಂದಾ ಸಾಮಾನ್ಯವಾಗಿ ಟ್ರಿಗರ್‌ನಿಂದ ಹಿಂದಿನ ತುದಿಗೆ 13½ರಿಂದ 14 ಇಂಚು ಇರುತ್ತೆ. ಆರಡಿ ಎತ್ತರದವನಿಗೆ ಅದು ಗಿಡ್ಡ, ಹೊಡೆದಾಗ ಹೆಬ್ಬೆರಳು ಮೂಗಿಗೆ ಬಡಿಯುತ್ತೆ. ಐದಡಿ ಹೆಣ್ಣುಮಗಳಿಗೆ ಉದ್ದ, ಎತ್ತುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತೆ. ಚಲೋ ಮಿಸ್ತ್ರಿ ಟೇಪ್ ಹಿಡಿದು ಮೊಣಕೈ ಮಡಿಸಿಸಿ, ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೀತಾನೆ. ಅಳತೆ ತಗೊಳ್ಳುವಾಗ ನೀವು ಹಾಕುವ ಬಟ್ಟೆಯಲ್ಲೇ ಹೋಗಿ. ವಿದೇಶಿ ಪುಸ್ತಕದ ಅಳತೆಗಳು ದಪ್ಪ ಕೋಟು ಹಾಕಿದವರಿಗೆ ಬರೆದವು. ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ಕಲಬುರಗಿಯಲ್ಲಿ ಯಾರು ಕೋಟು ಹಾಕ್ತಾರೆ?

ಕುಂದಾಕ್ಕೆ ಯಾವ ಮರ? ನಮ್ಮ ಹೊಲದ ಸಾಗವಾನಿ ಇದೆ.

ಸಾಗವಾನಿ ಬಾಗಿಲಿಗೆ ಸರಿ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ, ಅಂಟು ಸರಿಯಾಗಿ ಹಿಡಿಯೋದಿಲ್ಲ, ಬಂದೂಕಿನ ಒದೆತಕ್ಕೆ ನಾರಿನ ಉದ್ದಕ್ಕೂ ಸೀಳಬಹುದು. ಅಕ್ರೋಟ ಮರವೇ ಮೊದಲು. ಹಗುರ, ಒದೆತ ತಡೆಯುತ್ತೆ, ಹವೆ ಬದಲಾದರೂ ಜಾಸ್ತಿ ಸೊಟ್ಟಗಾಗೋದಿಲ್ಲ. ಶೀಶಮ್ ಗಟ್ಟಿ, ನೋಡೋಕೂ ಚೆಂದ, ಆದರೆ ಭಾರ. ಮರ ಯಾವುದೇ ಆಗಲಿ, ಪೂರ್ತಿ ಒಣಗಿರಬೇಕು. ನಮ್ಮ ಬೇಸಿಗೆಯಲ್ಲಿ ಹಸಿ ಮರ ಬಿರಿಯುತ್ತೆ, ಶ್ರಾವಣದಲ್ಲಿ ಊದುತ್ತೆ. ಮರ ಊದಿ ನಳಿಗೆಯನ್ನು ಒಂದು ಕಡೆ ಒತ್ತಿದರೆ ರೈಫಲ್‌ನ ಗುರಿಯೇ ಸರಿದುಹೋಗುತ್ತೆ.

ಬಡಗಿಯ ಬಳಿ ಬಂದೂಕು ಬಿಟ್ಟು ಬರಬೇಡಿ. ಕೆತ್ತನೆ ಅವನೇ ಮಾಡಲಿ, ಆದರೆ ಮರ ಮಿಸ್ತ್ರಿಯ ಅಂಗಡಿಗೆ ಬರಬೇಕು. ಬಂದೂಕು ಬಡಗಿಯ ಮನೆಗೆ ಹೋಗಬಾರದು.

ಟ್ರಿಗರ್ ಬಹಳ ಗಟ್ಟಿ ಇದೆ. ಹಗುರ ಮಾಡಿಸಲಾ?

ಒರಟು ತೆಗೆಸಿ, ತೀರಾ ಹಗುರ ಮಾಡಿಸಬೇಡಿ. ಹೊಲಕ್ಕೆ ಒಯ್ಯುವ ಬಂದೂಕಿಗೆ ಒಂದೂವರೆ ಎರಡು ಕಿಲೋ ಎಳೆತ ಇರಲಿ. ಅದಕ್ಕಿಂತ ಹಗುರದ ಟ್ರಿಗರ್ ಶೂಟಿಂಗ್ ರೇಂಜಿನ ವಸ್ತು, ಅಲ್ಲಿ ಮುಂದೆ ಮಣ್ಣಿನ ಗೋಡೆ ಇರುತ್ತೆ. ಕೆಲಸ ಆದಮೇಲೆ ಮಿಸ್ತ್ರಿ ತೂಕದ ಕೊಕ್ಕೆ ಹಾಕಿ ತೋರಿಸಬೇಕು. ಆಮೇಲೆ ಖಾಲಿ ಬಂದೂಕಿನ ಕುದುರೆ (ಕಾಡತೂಸಿಗೆ ಏಟು ಕೊಡುವ ಭಾಗ) ಏರಿಸಿ, ಕುಂದಾವನ್ನು ರಬ್ಬರ್ ಮ್ಯಾಟ್ ಮೇಲೆ ನಾಲ್ಕು ಸಲ ಕುಟ್ಟಬೇಕು. ಕುದುರೆ ಬಿದ್ದರೆ ಬಂದೂಕು ಅಲ್ಲೇ ಬಿಟ್ಟು ಬನ್ನಿ, ಮತ್ತೆ ಮಾಡಲಿ.

ನಳಿಗೆ ಉದ್ದ ಇದೆ, ಜೀಪಿನಲ್ಲಿ ಕಷ್ಟ. ಕತ್ತರಿಸಿ ಗಿಡ್ಡ ಮಾಡಿಸಬಹುದಾ?

ಇಲ್ಲ. ಕಾಯ್ದೆಯ 6ನೇ ಕಲಮು ಇರೋದೇ ಇದಕ್ಕೆ. ಶಿಕ್ಷೆ ಮೇಲೆ ಹೇಳಿದ್ದೇ, 7 ವರ್ಷದಿಂದ ಶುರು. ರಕ್ಷಣೆಗೆ ಅಂತ ಕೊಡುವ ನಯ ನಳಿಗೆಯ (ಒಳಗೆ ಸುರುಳಿ ಗೀರು ಇಲ್ಲದ) ಬಂದೂಕಿನ ನಳಿಗೆ 20 ಇಂಚಿಗೆ ಕಡಿಮೆ ಇರಬಾರದು ಅಂತ ಕಾಯ್ದೆಯಲ್ಲೇ ಅಳತೆ ಇದೆ. ಮಾಡಿಕೊಡ್ತೀನಿ ಅನ್ನುವ ಮಿಸ್ತ್ರಿ ಸಿಕ್ಕರೆ ಅವನ ಕಡೆ ಬೇರೆ ಯಾವ ಕೆಲಸವನ್ನೂ ಮಾಡಿಸಬೇಡಿ. ನಾಳೆ ಅವನ ಅಂಗಡಿ ಮೇಲೆ ರೇಡ್ ಆದಾಗ ನಿಮ್ಮ ಬಂದೂಕೂ ಅಲ್ಲೇ ಇರುತ್ತೆ.

.315ಕ್ಕೆ ಬೇರೆ ನಳಿಗೆ ಹಾಕಿಸಿ .303 ಮಾಡಿಸಿಕೊಂಡರೆ?

.303 ನಿಷೇಧಿತ ಬೋರ್, ಅಂದರೆ ಆ ನಳಿಗೆ ಅಳತೆಗೇ ನಿಷೇಧ ಇದೆ. ಅಲ್ಲಿಗೆ ಮುಗೀತು. ಮಿಲಿಟರಿ ಕಾಡತೂಸು ಜನರ ಕೈಗೆ ಹೋಗಬಾರದು ಅಂತಲೇ ಬ್ರಿಟಿಷರ ಕಾಲದಿಂದ .315 ಬಳಕೆಗೆ ಬಂತು. ಬೋಲ್ಟ್ ಲೀ ಎನ್‌ಫೀಲ್ಡ್ ತರಹದ್ದೇ ಇರೋದರಿಂದ ಜನಕ್ಕೆ ಈ ಆಸೆ ಹುಟ್ಟುತ್ತೆ. ಬೋರ್ ಬದಲಿಸೋದು ಅಂದರೆ ಪುಸ್ತಕದಲ್ಲಿ ಬರೆದ ಬಂದೂಕೇ ಬೇರೆ ಆದಂತೆ.

ಅಜ್ಜನ ಕಾಲದ 12 ಬೋರ್ ಇದೆ. ರಿಪೇರಿ ಮಾಡಿಸಿ ಬಳಸಬಹುದಾ?

ಮೊದಲು ಚೇಂಬರ್ ಉದ್ದ ಅಳೆಸಿ. ಹಳೆಯ ಬಂದೂಕುಗಳಲ್ಲಿ 65 ಮಿ.ಮೀ. ಇರುತ್ತೆ, ಈಗಿನ ಕಾಡತೂಸು ಸಾಮಾನ್ಯವಾಗಿ 70. ಮೋಸ ಏನಂದ್ರೆ 70ರದ್ದು 65ರೊಳಗೆ ಸಲೀಸಾಗಿ ಕೂರುತ್ತೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒಳಗಿನ ಒತ್ತಡ ಏರುತ್ತೆ. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಉಕ್ಕು ಕಬ್ಬಿಣ ಹೆಣೆದು ಮಾಡಿದ ಡಮಾಸ್ಕಸ್ ನಳಿಗೆ. ಅದನ್ನು ಗೋಡೆಗೆ ಹಾಕೋದು ಚೆಂದ, ಅದರಲ್ಲಿ ಈಗಿನ ಕಾಡತೂಸು ಹೊಡೆಯಬಾರದು. ಗೋಡೆಗೆ ಹಾಕಿದರೂ ಲೈಸೆನ್ಸ್ ಬೇಕು ಅನ್ನೋದು ನೆನಪಿರಲಿ.

ಬಂದೂಕಿನ ಮೇಲೆ ಬಿದ್ರಿ ಕೆಲಸ ಮಾಡಿಸಬಹುದಾ?

ಬೀದರ್‌ನವರು ಇದನ್ನು ಕೇಳದೇ ಬಿಡೋದಿಲ್ಲ! ಬಿದ್ರಿ ಮಾಡೋದು ಸತು ಮತ್ತು ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಲೋಹದ ಮೇಲೆ. ಬೆಳ್ಳಿ ತಂತಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಬಿಸಿ ಮಾಡಿ ಹಚ್ಚಿದಾಗ ಆ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಬಂದೂಕು ಉಕ್ಕಿನದ್ದು. ಅದರ ಮೇಲೆ ಈ ಮಣ್ಣು ಆ ಕಪ್ಪು ಕೊಡೋದಿಲ್ಲ, ನವಸಾಗರ ಉಕ್ಕಿಗೆ ತುಕ್ಕನ್ನೇ ಕೊಡುತ್ತೆ. ಉಳಿ ಸುತ್ತಿಗೆಯಿಂದ ನಳಿಗೆ ಮೇಲೆ ಗೀರು ಕೊರೆದರೆ ಅಲ್ಲಿ ಗೋಡೆ ತೆಳ್ಳಗಾಗುತ್ತೆ.

ಆಸೆ ಇದ್ದರೆ ಹೀಗೆ ಮಾಡಿ. ಕುಂದಾದ ಪಕ್ಕದಲ್ಲಿ ಹೆಸರು ಬರೆಸುವ ಸಣ್ಣ ಅಂಡಾಕಾರದ ಬಿಲ್ಲೆ ಇರುತ್ತಲ್ಲ, ಅಷ್ಟನ್ನು ಮಾತ್ರ ಬಿದ್ರಿಯಲ್ಲಿ ಮಾಡಿಸಿ ಮಿಸ್ತ್ರಿಗೆ ಕೊಡಿ, ಅವನು ಮರದಲ್ಲಿ ಕೂರಿಸ್ತಾನೆ. ಬಂದೂಕು ಕುಶಲಕರ್ಮಿಯ ಅಂಗಡಿಗೆ ಹೋಗುವ ಗೊಡವೆಯೇ ಇಲ್ಲ. ಒದೆತಕ್ಕೆ ಸಿಗದ ಜಾಗ, ನೋಡೋಕೂ ಲಕ್ಷಣ.

ಪಾಲಿಷ್ ಮಾಡಿಸುವಾಗ ಏನು ನೋಡಬೇಕು?

ನಂಬರ್. ಬಫ್ ಚಕ್ರಕ್ಕೆ ಕೊಟ್ಟರೆ ಹಳೆಯ ಬಂದೂಕಿನ ನಂಬರ್, ಕಾರ್ಖಾನೆ ಮುದ್ರೆ ಅಳಿಸಿಹೋಗುತ್ತೆ. ಗುರುತು ಅಳಿಸೋದು 8ನೇ ಕಲಮಿನ ಪ್ರಕಾರ ತಪ್ಪು, ಗುರುತು ಅಳಿಸಿದ ಬಂದೂಕು ನಿಮ್ಮ ಬಳಿ ಸಿಕ್ಕರೆ ಅಳಿಸಿದ್ದು ನೀವಲ್ಲ ಅಂತ ಸಾಬೀತಾಗುವವರೆಗೆ ನೀವೇ ಅಳಿಸಿದ್ದು ಅಂತ ಕಾನೂನು ಭಾವಿಸುತ್ತೆ. ಕೊಡುವ ಮೊದಲು ನಂಬರ್‌ನ ಫೋಟೋ ತಗೊಳ್ಳಿ, ಆ ಜಾಗವನ್ನು ಕೈಯಲ್ಲೇ ಉಜ್ಜಿ ಅಂತ ಬರೆಸಿ.

ಚುನಾವಣೆ ಮುಗಿದು ಠಾಣೆಯಿಂದ ಬಂದೂಕು ವಾಪಸ್ ಬಂತು. ತುಕ್ಕು ಹಿಡಿದಿದೆ. ಏನು ಮಾಡಲಿ?

ಪ್ರತಿ ಚುನಾವಣೆಯ ಕಥೆ ಇದು. ಜಮಾ ಮಾಡುವ ಮೊದಲೇ ನಳಿಗೆ ಒಳಗೆ ಹೊರಗೆ ಗ್ರೀಸ್ ತೆಳ್ಳಗೆ ಹಚ್ಚಿ, ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ ಕೊಡಿ. ಚರ್ಮದ ಚೀಲ ಬೇಡ, ಅದು ತೇವ ಹಿಡಿದಿಡುತ್ತೆ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ನೋಡಿ, ಕೊಡುವಾಗ ಹೇಗಿತ್ತು ಅಂತ ಫೋಟೋ ಇರಲಿ.

ವಾಪಸ್ ಬಂದಮೇಲೆ ಮೊದಲ ಕೆಲಸ ನಳಿಗೆಯಲ್ಲಿ ಬೆಳಕು ಹಾಯಿಸಿ ನೋಡೋದು. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರೋದು ನಮ್ಮ ಕಡೆ ಹೊಸದೇನಲ್ಲ. ನೋಡದೆ ಹೊಡೆದರೆ ನಳಿಗೆ ಸಿಡಿಯುತ್ತೆ. ಮೇಲ್ಮೈಯ ಕೆಂಪು ಪುಡಿ ಎಣ್ಣೆ ಬಟ್ಟೆಗೆ ಹೋದರೆ ಮಿಸ್ತ್ರಿ ಬೇಡ. ಉಗುರಿಗೆ ಸಿಗುವ ಹಾಗೆ ಕುಳಿ ಬಿದ್ದಿದ್ದರೆ ಬೇಕು. ಎಮರಿ ಪೇಪರ್ ಹಿಡಿದು ನೀವೇ ಉಜ್ಜಬೇಡಿ. ಎಣ್ಣೆಯನ್ನೂ ಸುರಿಯಬೇಡಿ. ನಮ್ಮ ಧೂಳಿಗೆ ಎಣ್ಣೆ ಸೇರಿದರೆ ಒಳಗೆಲ್ಲ ಸಾಣೆ ಹಿಡಿಯುವ ರಾಡಿ ಆಗುತ್ತೆ.

ಆಯುಧ ಪೂಜೆಗೆ ಅರಿಷಿಣ ಕುಂಕುಮ ಹಚ್ಚಿದರೆ ತೊಂದರೆಯಾ?

ಅರಿಷಿಣ ಕುಂಕುಮಕ್ಕಿಂತ ನಿಂಬೆಹಣ್ಣು. ಅದರ ರಸ ಉಕ್ಕಿನ ಮೇಲೆ ಒಂದು ರಾತ್ರಿ ಕೂತರೆ ಕಲೆ ಬಿತ್ತು ಅಂತಲೇ ತಿಳ್ಕೊಳ್ಳಿ. ಪೂಜೆ ಮರದ ಭಾಗಕ್ಕೆ ಮಾಡಿ, ಸಂಜೆಗೆ ಒರೆಸಿ ಎಣ್ಣೆ ಕೈ ಆಡಿಸಿ. ಮತ್ತೆ ಆಕಾಶಕ್ಕೆ ಹೊಡೆಯೋದು ಬೇಡ. ಮದುವೆ, ಜಾತ್ರೆ, ಪೂಜೆಯಲ್ಲಿ ಜನರಿಗೆ ಅಪಾಯ ಆಗುವಂತೆ ಗುಂಡು ಹಾರಿಸಿದರೆ 2019ರಿಂದ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಹಂದಿ, ಕೃಷ್ಣಮೃಗ ಹೊಲ ಹಾಳು ಮಾಡ್ತಿವೆ. ಬಂದೂಕು ರೆಡಿ ಮಾಡಿಸಲಾ?

ಬಂದೂಕಿನ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಮಗಳ ಏರ್ ರೈಫಲ್‌ಗೂ ಇದೇ ಮಿಸ್ತ್ರಿ ನಡೀತಾನಾ?

ಬೇಡ, ಅದು ಬೇರೆಯೇ ವಿದ್ಯೆ. 10 ಮೀಟರ್ ಏರ್ ರೈಫಲ್‌ನಲ್ಲಿ 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಲ್ಲಿ ಬೇಕಾದ್ದು ಕೆನ್ನೆ ಪಟ್ಟಿ, ಹೆಗಲ ಕೊಕ್ಕೆ, ಹಿಡಿಕೆಯ ಕೋನ ಹೊಂದಿಸುವವನು. ಅದನ್ನು ಶೂಟಿಂಗ್ ಕೋಚ್ ಜೊತೆ ಕೂತು ಮಾಡಬೇಕು, ಮಗು ಬೆಳೆದ ಹಾಗೆ ಮತ್ತೆ ಮತ್ತೆ ಮಾಡಬೇಕು. ಒಟ್ಟು ತೂಕ 5.5 ಕಿಲೋ ದಾಟಬಾರದು. ಸೀಲ್ ಸವೆದು ಗಾಳಿ ಸೋರಿದರೆ ಆ ಕಂಪನಿಯ ಸರ್ವಿಸ್ ಮಾಡುವವರ ಬಳಿಯೇ ಕಳಿಸಿ. ಸಿಲಿಂಡರ್ ಮೇಲೆ ತಾರೀಖು ಒತ್ತಿರುತ್ತೆ. ಅವಧಿ ಮುಗಿದಿದ್ದರೆ ಸ್ಪರ್ಧೆಯಲ್ಲಿ ಬಳಸುವಂತಿಲ್ಲ, ಮನೆಯಲ್ಲೂ ಬೇಡ. 200 ಬಾರ್ ಒತ್ತಡದ ಗಾಳಿ ಅಂದರೆ ತಮಾಷೆ ಅಲ್ಲ.

"ಪವರ್ ಜಾಸ್ತಿ ಮಾಡಿಕೊಡ್ತೀನಿ" ಅನ್ನುವವರು ಇಲ್ಲೂ ಇದ್ದಾರೆ. 4.5 ಮಿ.ಮೀ. ಬೋರ್, 20 ಜೂಲ್ ಒಳಗಿನ ಶಕ್ತಿ ಇರುವವರೆಗೆ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ದಾಟಿದರೆ ಬೇಕು. ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್ ಸೆಕೆಂಡಿಗೆ 175 ಮೀಟರ್ ಹೋದರೆ ಆಗೋದು 8 ಜೂಲ್ ಆಸುಪಾಸು. ಸ್ಪರ್ಧೆಗೆ ಅಷ್ಟೇ ಸಾಕು. ಜಾಸ್ತಿ ಶಕ್ತಿ ಅಂದರೆ ಜಾಸ್ತಿ ಅಲುಗಾಟ, ಅಂಕ ಕಡಿಮೆ.

ದರ ಎಷ್ಟು? ಎಷ್ಟು ದಿನ?

ಕೆಲಸದ ಮೇಲೆ, ಮಿಸ್ತ್ರಿಯ ಮೇಲೆ. ಪೂರ್ತಿ ಹಣ ಮೊದಲೇ ಕೊಡಬೇಡಿ, ಸಾಮಾನಿನ ಖರ್ಚು ಮಾತ್ರ ಕೊಡಿ. ಬಂದೂಕು ಬಿಟ್ಟು ಬರುವಾಗ ಬಂದೂಕಿನ ನಂಬರ್, ನಿಮ್ಮ ಲೈಸೆನ್ಸ್ ನಂಬರ್, ತಾರೀಖು, ಏನು ಕೆಲಸ ಅನ್ನೋದೆಲ್ಲ ಇರುವ ಅಂಗಡಿಯ ರಸೀದಿ ಬೇಕೇ ಬೇಕು. ಅವನ ರಿಜಿಸ್ಟರಿನಲ್ಲಿ ಬರೆದದ್ದನ್ನೂ ನೋಡಿ ಬನ್ನಿ. "ಪರಿಚಯದವರು, ರಸೀದಿ ಯಾಕ್ರೀ" ಅಂದರೆ ಪರಿಚಯಕ್ಕೆ ಚಹಾ ಕುಡಿಯಿರಿ, ಬಂದೂಕಿಗೆ ರಸೀದಿ ತಗೊಳ್ಳಿ. ದಸರಾ ಮುಂದೆ ಮತ್ತು ಚುನಾವಣೆ ಹಿಂದೆ ಎಲ್ಲರಿಗೂ ಅವಸರ. ಆ ದಿನ ಬಿಟ್ಟು ಹೋದರೆ ಕೆಲಸ ನಿಧಾನವಾಗಿ, ಚೆನ್ನಾಗಿ ಆಗುತ್ತೆ.

ವಾಪಸ್ ತಗೊಳ್ಳುವಾಗ ಕೌಂಟರಿನಲ್ಲೇ ಏನು ನೋಡಬೇಕು?

ನಂಬರ್ ಮೊದಲು. ಸ್ಕ್ರೂ ತಲೆಗಳು ಹರಿದಿಲ್ಲ ತಾನೇ? ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಏನೂ ಆಗಬಾರದು. ಆಮೇಲೆ ಟ್ರಿಗರ್ ಬಿಟ್ಟು ಸೇಫ್ಟಿ ತೆಗೀರಿ, ಆಗಲೂ ಕುದುರೆ ಬೀಳಬಾರದು. ಬಹಳ ಜನ ಈ ಎರಡನೆಯದನ್ನು ನೋಡೋದಿಲ್ಲ, ಅಪಾಯ ಇರೋದು ಅಲ್ಲೇ. ಜೋಡು ನಳಿಗೆಯಾದರೆ ಎರಡೂ ಕಡೆ ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ಡಮ್ಮಿ ಹಾಕಿಸಿ ಕುದುರೆ ಬಿಡಿಸಿ. ಬರೀ ಖಾಲಿ ನಳಿಗೆಗೆ ಪದೇ ಪದೇ ಬಿಟ್ಟರೆ ಪಿನ್ ಮುರಿಯಬಹುದು. ಬದಲಿಸಿದ ಹಳೆಯ ಭಾಗ ಕೇಳಿ ಇಸ್ಕೊಳ್ಳಿ. ಸವೆದ ಸ್ಪ್ರಿಂಗ್ ಕೈಗೆ ಬಂದರೆ ಹೊಸದು ಹಾಕಿದ್ದು ಖಾತ್ರಿ. ಬಿಲ್ಲಿನಲ್ಲಿ "ಸರ್ವಿಸ್" ಅಂತ ಮಾತ್ರ ಬರೆದಿದ್ದರೆ ಏನೇನು ಮಾಡಿದ ಅಂತ ಅಲ್ಲೇ ನಿಂತು ಬರೆಸಿ. ಮೊದಲ ಸಲ ಹೊಡೆದು ನೋಡೋದು ಅನುಮತಿ ಇರುವ ರೇಂಜಿನಲ್ಲಿ ಮಾತ್ರ, ಒಂದೊಂದೇ ಕಾಡತೂಸು ಹಾಕಿ, ಪ್ರತಿ ಸಲ ಖಾಲಿ ಕೇಸ್ ತೆಗೆದು ಅದರ ಹಿಂಭಾಗ ನೋಡಿ.